ಮೇಲು ಕೆಳಗಿಲ್ಲದ ಫೋಟೋ

ಬಿತ್ತನೆ ಕೋಠಿಗೆ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಸೂಕ್ಷ್ಮದರ್ಶಕ ತೋರಿಸುತ್ತಾರೆ. ತೋರಿಸಬೇಕಾದದ್ದು ಕತ್ತರಿ. ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಯಾರಿಗಾದರೂ ಸ್ವಲ್ಪ ದಿನದಲ್ಲಿ ಕಲಿಸಬಹುದು. ಕಂಡದ್ದು ಯಾವ ಚಿಟ್ಟೆಯದು ಎಂದು ತಪ್ಪದೆ ಹೇಳುವುದಿದೆಯಲ್ಲ, ಅದನ್ನು ನಮ್ಮ ಮೇಲಿನವರಲ್ಲಿ ಕೆಲವರು ನಿವೃತ್ತಿಯಾಗುವವರೆಗೂ ಕಲಿಯಲಿಲ್ಲ. ಕಲಿಯಬೇಕಾದ ಸಂಗತಿ ಅದು ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಹೊಸಬರಿಗಾಗಿ ಮೊದಲಿನಿಂದ ಹೇಳುತ್ತೇನೆ. ರೇಷ್ಮೆ ಬೆಳೆಯುವ ರೈತರಿಗೆ ರೋಗವಿಲ್ಲದ ಮೊಟ್ಟೆ ತಯಾರಿಸಿ ಕೊಡುವ ಜಾಗ ಬಿತ್ತನೆ ಕೋಠಿ. ಬೆಳಗಿನ ಜಾವ ಗೂಡಿನಿಂದ ಚಿಟ್ಟೆಗಳು ಹೊರಬರುತ್ತವೆ. ಗಂಡು ಹೆಣ್ಣು ಕೂಡಿದ ಮೇಲೆ ಹೆಣ್ಣು ಚಿಟ್ಟೆಗಳನ್ನು ದಪ್ಪ ಹಾಳೆಯ ಮೇಲೆ ಸಾಲಾಗಿ ಬಿಟ್ಟು, ಒಂದೊಂದಕ್ಕೂ ಒಂದೊಂದು ಕಪ್ಪು ಬಟ್ಟಲು ಕವುಚುತ್ತೇವೆ. ಬಟ್ಟಲಿನ ಕತ್ತಲಲ್ಲಿ ಅದು ಮೊಟ್ಟೆ ಇಡುತ್ತದೆ. ಬಟ್ಟಲು ತೆಗೆದರೆ ಹಾಳೆಯ ತುಂಬ ದುಂಡು ದುಂಡಾದ ಮೊಟ್ಟೆಯ ಬಿಲ್ಲೆಗಳು. ತಾಯಿ ಚಿಟ್ಟೆಗಳನ್ನು ಅದೇ ಸಾಲಿನ ಪ್ರಕಾರ ಖಾನೆಗಳಿರುವ ಪೆಟ್ಟಿಗೆಗೆ ಹಾಕಿ, ಆಮೇಲೆ ಒಂದೊಂದನ್ನೇ ಅರೆದು, ಅದರ ಹನಿಯನ್ನು ಗಾಜಿನ ಮೇಲಿಟ್ಟು ನೋಡುತ್ತೇವೆ. ಅಕ್ಕಿಕಾಳಿನ ಆಕಾರದ ಮಿನುಗುವ ಕಣಗಳು ಕಂಡರೆ ಗಂಟು ರೋಗ. ಅದು ತಾಯಿಯಿಂದ ಮೊಟ್ಟೆಗೆ ಇಳಿಯುವ ರೋಗ, ಮದ್ದಿಲ್ಲ. ಆ ತಾಯಿಯ ಬಿಲ್ಲೆಯನ್ನು ಹಾಳೆಯಿಂದ ಕತ್ತರಿಸಿ ಸುಡಬೇಕು. ಒಂದು ಬಿಲ್ಲೆ ತಪ್ಪಿಸಿಕೊಂಡು ಹೋದರೆ ಒಂದು ಮನೆಯ ಹುಳುವೆಲ್ಲ ಕೆಡುತ್ತದೆ, ಬಿಟ್ಟರೆ ಪಕ್ಕದ ಮನೆಯದ್ದೂ.

ಈಗ ಹಾಳೆಯನ್ನು ತಿರುಗಿಸಿ ಹಿಡಿದಿರಿ ಎಂದುಕೊಳ್ಳಿ. ಮೊದಲನೆಯದು ಕೊನೆಯದಾಗುತ್ತದೆ. ಒಳ್ಳೆಯ ಮೊಟ್ಟೆ ಬೆಂಕಿಗೆ, ರೋಗದ ಮೊಟ್ಟೆ ರೈತನ ಮನೆಗೆ. ಅದಕ್ಕಾಗಿ ಹಾಳೆಯ ಮೇಲಿನ ಎಡ ಮೂಲೆಯನ್ನು ಚೂರೇ ಚೂರು ಕತ್ತರಿಸುತ್ತಿದ್ದೆವು. ಪೆಟ್ಟಿಗೆಯಲ್ಲಿ ಅದೇ ಮೂಲೆಗೆ ಕೆಂಪು ಬಣ್ಣ. ಕತ್ತರಿಸಿದ ಮೂಲೆ ಕೆಂಪು ಮೂಲೆಗೆ ಹೊಂದಿದರೆ ಎಲ್ಲ ಸರಿ. ದೊಡ್ಡ ಕಟ್ಟಡ, ಕಬ್ಬಿಣದ ಗೇಟು, ಜೀಪು, ಗೋಡೆಯ ಮೇಲಿನ ನಕಾಶೆಗಳು, ಇವೆಲ್ಲ ಇದ್ದದ್ದು ಆ ಮೂಲೆಯ ನಂಬಿಕೆಯ ಮೇಲೆ.

ನಾನು ಅಂಬಾಜಿದುರ್ಗದ ಬುಡದ ಒಂದು ಹಳ್ಳಿಯವಳು, ಎಸ್ಸೆಸ್ಸೆಲ್ಸಿ ಓದಿದವಳು. ಎಂಬತ್ತರ ದಶಕದ ಮೊದಲಲ್ಲಿ ಶಿಡ್ಲಘಟ್ಟದ ಕಡೆಯ ಒಂದು ಕೋಠಿಗೆ ದಿನಗೂಲಿಯಾಗಿ ಸೇರಿದೆ. ಕೋಠಿಯ ಹೆಸರು ಬರೆಯುವುದಿಲ್ಲ. ಅದೇ ವಾರ ಸೇರಿದವಳು ಖಮರುನ್ನಿಸಾ. ಅಲೀಪುರದ ಹುಡುಗಿ, ಶಿಡ್ಲಘಟ್ಟದ ರೀಲಿಂಗ್ ಮನೆಯೊಂದಕ್ಕೆ ಸೊಸೆಯಾಗಿ ಬಂದವಳು. ಗಂಡನ ಮನೆಯಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದರೆ ಇವಳು ಇಲ್ಲಿ ಗೂಡಿನಿಂದ ಚಿಟ್ಟೆ ಬರುವುದನ್ನು ಕಾಯುತ್ತಿದ್ದಳು. ನಮ್ಮಿಬ್ಬರಿಗೂ ಒಂದೇ ಬೆಂಚು, ಒಂದೇ ಕಿಟಕಿಯ ಬೆಳಕು, ಒಂದೇ ಆಸೆ: ಖಾಯಂ ಆಗಬೇಕು. ದಿನಗೂಲಿಯವರನ್ನು ಖಾಯಂ ಮಾಡುತ್ತಾರೆ ಎಂಬ ಮಾತು ನಾವು ಸೇರಿದಾಗಲೇ ಇತ್ತು, ಹತ್ತು ವರ್ಷ ಕಳೆದ ಮೇಲೂ ಅದು ಮಾತಾಗಿಯೇ ಇತ್ತು. ಖಾಯಂ ಆದ ಮೇಲೆ ಬಂದ ನನ್ನ ಬಡ್ತಿಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಪೊರೆ ಬಿಡುವ ಹೊತ್ತಿಗೆ ಹುಳುವಿಗೆ ಜ್ವರ ಬಂದ ಹಾಗೆ ಕಾಲಕಾಲಕ್ಕೆ ಬಂದವು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ.

ಖಮರ್ ಈ ಬೇಸಿಗೆಯಲ್ಲಿ ತೀರಿಕೊಂಡಳು. ಅದಕ್ಕೇ ಬರೆಯುತ್ತಿದ್ದೇನೆ.

ನಮಗೆ ಮೊದಲು ಸಿಕ್ಕಿದ ಮೇಲಧಿಕಾರಿಯನ್ನು ನಾವಿಬ್ಬರೂ ಇಸ್ತ್ರಿ ಸಾಹೇಬರು ಎನ್ನುತ್ತಿದ್ದೆವು. ಅವರ ಅಂಗಿ ಮಾತ್ರವಲ್ಲ, ಮೇಜಿನ ಮೇಲಿನ ಒರೆಸುವ ಬಟ್ಟೆಗೂ ಇಸ್ತ್ರಿ ಆಗಿರಬೇಕಿತ್ತು. ಚಿಟ್ಟೆಗಳ ರೆಕ್ಕೆಯ ಧೂಳಿಗೆ ಹೆದರಿ ಅವರು ಬಾಗಿಲಿನಿಂದ ಒಳಗೆ ಬರುತ್ತಲೇ ಇರಲಿಲ್ಲ. ಒಂದು ದಿನ ಹಾಳೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇಲಿ ಕಡಿದ ಹಾಗಿದೆ, ರೈತರ ಮುಂದೆ ಇಲಾಖೆಯ ಮರ್ಯಾದೆ ಏನಾಗಬೇಕು ಎಂದು ಕೇಳಿದರು. ಮೂಲೆ ಯಾಕೆ ಕತ್ತರಿಸುತ್ತೇವೆಂದು ಹೇಳಿದೆವು. ಅವರು ಕೇಳಿಸಿಕೊಂಡರು, ತಲೆಯಾಡಿಸಿದರು, ಇನ್ನು ಮೇಲೆ ಯಾರೂ ಮೂಲೆ ಕತ್ತರಿಸಕೂಡದೆಂದು ಮಾರನೆಯ ದಿನ ಬರೆಸಿ ಗೋಡೆಗೆ ಅಂಟಿಸಿದರು.

ಖಮರ್ ಆ ಕಾಗದ ಓದಿದವಳು ತನ್ನ ಸೆರಗಿನ ಪಿನ್ನು ತೆಗೆದು, ಹಾಳೆಯ ಮೂಲೆಗೆ ಒಂದು ತೂತು ಚುಚ್ಚಿ ಬೆಳಕಿಗೆ ಹಿಡಿದು ತೋರಿಸಿದಳು.

"ಮೂಗು ಚುಚ್ಚಿದೀನಿ ಕಣೇ ರತ್ನ. ಹೆಣ್ಣುಮಗು. ಸಾಹೇಬ್ರಿಗೆ ಹೇಳ್ಬೇಡ, ಬಂಗಾರದ್ದು ಹಾಕ್ಸಿ ಅಂತಾರೆ."

ಇಸ್ತ್ರಿ ಸಾಹೇಬರು ಗೌರಿಬಿದನೂರಿಗೆ ವರ್ಗವಾಗಿ ಹೋಗುವವರೆಗೂ ಹಾಳೆಗಳು ಮೂಗು ಚುಚ್ಚಿಸಿಕೊಂಡೇ ಹೋದವು. ಅವರಿಗೆ ಅದು ಕಾಣಲೇ ಇಲ್ಲ. ಬೀಳ್ಕೊಡುಗೆಯಲ್ಲಿ ಮಾತಾಡುತ್ತಾ, ತಾವು ಬಂದ ಮೇಲೆ ಹಾಳೆಗಳ ಗುಣಮಟ್ಟ ಸುಧಾರಿಸಿತು ಎಂದರು. ನಾವು ಚಪ್ಪಾಳೆ ತಟ್ಟಿದೆವು.

ಇನ್ನೊಬ್ಬರು ಬೆಂಗಳೂರಿನಿಂದ ತಪಾಸಣೆಗೆ ಬಂದವರು. ಜೊತೆಗೆ ನಾಲ್ಕಾರು ಜನ. ಖಮರಳ ಕುರ್ಚಿಯಲ್ಲಿ ಕೂತು ಕಣ್ಣನ್ನು ಮಸೂರಕ್ಕೆ ಒತ್ತಿ ಹಿಡಿದು, ಇದೇನು ಉದ್ದುದ್ದಕ್ಕೆ ಕಪ್ಪಗೆ ಇಷ್ಟೊಂದಿವೆ, ಇಂಥದ್ದನ್ನೆಲ್ಲ ಇಟ್ಟುಕೊಂಡು ಏನು ಮಾಡುತ್ತಿದ್ದೀರಿ ಎಂದು ರೇಗಿದರು. ಅವರಿಗೆ ಕಂಡದ್ದು ಅವರದೇ ಕಣ್ಣಿನ ರೆಪ್ಪೆಗೂದಲು. ಕಣ್ಣು ತೀರಾ ಹತ್ತಿರ ಒತ್ತಿದರೆ ಎಲ್ಲರಿಗೂ ಹಾಗೆ ಕಾಣುತ್ತದೆ. ಜೊತೆಗಿದ್ದವರೆಲ್ಲ ಸೂಕ್ಷ್ಮದರ್ಶಕ ನೋಡಿದವರೇ, ಅವರಿಗೆ ಗೊತ್ತಾಯಿತು. ಒಬ್ಬರೂ ಬಾಯಿ ಬಿಡಲಿಲ್ಲ. ಆ ಹಾಳೆಯನ್ನು, ಅದರ ಜೊತೆಯ ಹಾಳೆಗಳನ್ನು ಸುಡಲು ಅಪ್ಪಣೆಯಾಯಿತು. ಒಳ್ಳೆಯ ಮೊಟ್ಟೆಗಳು. ಹಿತ್ತಲಿನ ಒಲೆಗೆ ಹಾಳೆ ಹಾಕುವಾಗ ಖಮರ್, ಸಾಹೇಬರ ರೆಪ್ಪೆಗೆ ಗಂಟು ರೋಗ ಬಂದಿದೆ ಪಾಪ, ವಂಶಕ್ಕೆ ಇಳಿಯುತ್ತೋ ಏನೋ ಎಂದಳು. ನನಗೆ ನಗು ತಡೆಯಲಾಗದೆ ಹೊಗೆಯ ನೆಪದಲ್ಲಿ ಮುಖ ಮುಚ್ಚಿಕೊಂಡೆ.

ಇವೆಲ್ಲ ನಗುವಂಥವು. ಇಂಥವರು ನಮ್ಮ ಹಾಳೆ ಹಾಳುಮಾಡಿದರು, ನಮ್ಮನ್ನು ಹಾಳುಮಾಡಲಿಲ್ಲ. ಹಾಳುಮಾಡಿದವರು ಓದಿಕೊಂಡು, ಹೊರದೇಶದಲ್ಲಿ ತರಬೇತಿ ಪಡೆದು ಬಂದವರು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಹೊಸ ಸಹಾಯಕ ನಿರ್ದೇಶಕರು ಬಂದರು. ಅವರ ಹಿಂದೆಯೇ ಮರದ ಪೆಟ್ಟಿಗೆಗಳಲ್ಲಿ ಒಂದು ಯಂತ್ರ ಬಂತು. ನೇರಳೆ ಬೆಳಕಿನ ಸೂಕ್ಷ್ಮದರ್ಶಕ, ಅದರ ಮೇಲೆ ಕ್ಯಾಮೆರಾ. ಗಾಜಿನ ತಟ್ಟೆಯೊಂದರಲ್ಲಿ ಸಾಲು ಸಾಲು ಗುಳಿಗಳು. ಹಾಳೆಯ ಸಾಲಿನ ಪ್ರಕಾರವೇ ಒಂದೊಂದು ಗುಳಿಗೆ ಒಂದೊಂದು ಚಿಟ್ಟೆಯ ಹನಿ ಹಾಕಿ, ಅದಕ್ಕೆ ಒಂದು ಬಣ್ಣ ಬೆರೆಸಬೇಕು. ಬಟ್ಟೆ ಬೆಳ್ಳಗಾಗಲೆಂದು ಒಗೆಯುವಾಗ ಹಾಕುವ ಪುಡಿಯ ಜಾತಿಯದೇ ಆ ಬಣ್ಣ. ರೋಗದ ಕಣಗಳ ಸಿಪ್ಪೆಗೆ ಅದು ಅಂಟಿಕೊಂಡು, ಕತ್ತಲಲ್ಲಿ ನೇರಳೆ ಬೆಳಕು ಬಿಟ್ಟಾಗ ತಿಳಿನೀಲಿಯಾಗಿ ಹೊಳೆಯುತ್ತದೆ. ಒಂದು ಫೋಟೋಗೆ ಒಂದು ಇಡೀ ತಟ್ಟೆ. ಹೊಳೆದ ಗುಳಿಯ ಚಿಟ್ಟೆಗೆ ರೋಗ, ಹೊಳೆಯದಿದ್ದರೆ ಇಲ್ಲ.

ಯಂತ್ರ ಒಳ್ಳೆಯದೇ. ನಾನು ಅದನ್ನು ಬೈಯುತ್ತಿಲ್ಲ. ಕೋಣೆಗೆ ಕಪ್ಪು ಪರದೆ ಹಾಕಿಸಿ ಅದರೊಳಗೆ ತಾವೊಬ್ಬರೇ ಹೋಗುತ್ತಿದ್ದರಿಂದ ಆ ಅಧಿಕಾರಿಗೆ ಪರದೆ ಸಾಹೇಬರು ಎಂದು ಹೆಸರಿಟ್ಟೆವು. ಮೊದಲ ದಿನ ತಟ್ಟೆಯ ಎಲ್ಲ ಗುಳಿಗಳೂ ಹೊಳೆದವು. ಕೋಠಿಯ ಚಿಟ್ಟೆಗಳಿಗೆಲ್ಲ ರೋಗ ಎಂದು ಸಾಹೇಬರು ಬೆವರಿದರು. ಯಂತ್ರ ಜೋಡಿಸಲು ಬೆಂಗಳೂರಿನಿಂದ ಬಂದಿದ್ದ ಮೆಕ್ಯಾನಿಕ್ ನೋಡಿ, ಅರೆದದ್ದನ್ನು ಹತ್ತಿಯಲ್ಲಿ ಸೋಸಿದ್ದೀರಲ್ಲ, ಹತ್ತಿಯ ಎಳೆಯೂ ಹೊಳೆಯುತ್ತದೆ ಎಂದ. ನೈಲಾನ್ ಬಟ್ಟೆಯಲ್ಲಿ ಸೋಸಿದ ಮೇಲೆ ಸರಿಹೋಯಿತು. ಹೊರಗೆ ಸೋರಿದ ಬೆಳಕಿಗೆ ಸಾಹೇಬರ ಬಿಳಿ ಅಂಗಿಯೂ ಹೊಳೆಯುತ್ತಿತ್ತು. ಅದಕ್ಕೆ ಯಾರೂ ಔಷಧ ಹೇಳಲಿಲ್ಲ.

ಆ ಮೆಕ್ಯಾನಿಕ್ ಹೋಗುವ ಮುನ್ನ ಇನ್ನೊಂದು ತೋರಿಸಿದ. ನಮ್ಮ ಹಾಳೆಯ ಕತ್ತರಿಸಿದ ಮೂಲೆ ಕತ್ತಲಲ್ಲಿ ಕಾಣುವುದಿಲ್ಲ. ಗಾಜಿನ ತಟ್ಟೆಯ ಮೂಲೆಗೆ ಬಣ್ಣ ಬಳಿದರೂ ಕಾಣುವುದಿಲ್ಲ. ಕತ್ತಲಲ್ಲಿ ತೆಗೆದ ಫೋಟೋದಲ್ಲಿ ಹೊಳೆಯುವುದು ಮಾತ್ರ ಬರುತ್ತದೆ, ಉಳಿದದ್ದೆಲ್ಲ ಕಪ್ಪು. ಆದ್ದರಿಂದ ಗುರುತು ಕೂಡ ಹೊಳೆಯಬೇಕು. ಅದಕ್ಕೆಂದೇ ಯಂತ್ರದ ಜೊತೆ ಒಂದು ಸಣ್ಣ ಸೀಸೆ ಬಂದಿತ್ತು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳು. ತಟ್ಟೆಯ ಮೊದಲ ಗುಳಿಯಲ್ಲಿ ಚಿಟ್ಟೆಯ ಹನಿ ಹಾಕದೆ ಈ ಮಣಿಯ ಹನಿ ಹಾಕಿದರೆ ಫೋಟೋದಲ್ಲಿ ಆ ಮೂಲೆ ಬೇರೆ ಬಣ್ಣಕ್ಕೆ ಉರಿಯುತ್ತದೆ. ತನ್ನ ಕೈಚೀಲದಲ್ಲಿದ್ದ ಸೀಸೆಯಿಂದ ಒಂದು ತಟ್ಟೆಗೆ ಹಾಕಿ ತೋರಿಸಿದ. ಎಲ್ಲರೂ ನೋಡಿದೆವು, ಪರದೆ ಸಾಹೇಬರೂ ನೋಡಿದರು. ತಮ್ಮ ತರಬೇತಿಯಲ್ಲೂ ಇದೇ ಹೇಳಿದ್ದರು ಎಂದರು.

ಮೆಕ್ಯಾನಿಕ್ ಹೋದ. ನಮ್ಮ ಸೀಸೆ ಬೀರುವಿನೊಳಗೆ ಹೋಯಿತು.

ಖಮರ್ ಕೇಳಿದಾಗ ಸಾಹೇಬರು ಹೇಳಿದ್ದು ಇದು: ಸೀಸೆಗೆ ಸೀಲು ಇದೆ. ಸೀಲು ಒಡೆದರೆ ಖರ್ಚಿಗೆ ಬರೆಯಬೇಕು. ಖರ್ಚಾದರೆ ಇನ್ನೊಂದು ತರಿಸಬೇಕು, ಅದು ಹೊರದೇಶದಿಂದ ಬರಬೇಕು. ಯಂತ್ರದ ಉದ್ಘಾಟನೆಗೆ ಗಣ್ಯರು ಬರುವ ದಿನ ಒಡೆಯೋಣ, ಅಲ್ಲಿಯವರೆಗೆ ದಾಸ್ತಾನಿನಲ್ಲಿ ಇರಲಿ. ಹಾಗಾದರೆ ಒಂದು ಗುಳಿಗೆ ಹತ್ತಿಯ ಎಳೆಯನ್ನಾದರೂ ಹಾಕೋಣ, ಅದೂ ಹೊಳೆಯುತ್ತದೆಂದು ಮೆಕ್ಯಾನಿಕ್ಕೇ ಹೇಳಿದ್ದಾನಲ್ಲ ಎಂದೆವು. ಆಗಲಿಲ್ಲ. ತಟ್ಟೆಗೆ ಒಂದು ಗುಳಿ ಚಿಟ್ಟೆಯ ಹನಿಯಿಲ್ಲದೆ ಹೋದರೆ ತಿಂಗಳ ಪ್ರಗತಿ ಕಡಿಮೆ ಕಾಣುತ್ತದಂತೆ.

ನಿಮ್ಮಲ್ಲಿ ಯಾರಾದರೂ ಇಂಥ ಕಚೇರಿಗೆ ಸೇರಿದರೆ ಇದನ್ನು ತಿಳಿದುಕೊಂಡು ಸೇರಿ. ಅಲ್ಲಿ ವಸ್ತು ಕೆಲಸಕ್ಕಾಗಿ ಇರುವುದಿಲ್ಲ, ದಾಸ್ತಾನಿನಲ್ಲಿ ಇರುವುದಕ್ಕಾಗಿ ಇರುತ್ತದೆ. ಪೊರಕೆ ಕೇಳಿದರೂ ಹಳೆಯ ಪೊರಕೆಯ ಹಿಡಿ ತಂದು ತೋರಿಸಬೇಕು. ಔಷಧಿ ಅವಧಿ ಮೀರಿದ ಮೇಲೆ ಬೀರುವಿನಿಂದ ಹೊರಗೆ ಬರುತ್ತದೆ, ಎಸೆಯುವುದಕ್ಕೆ.

ಹಳೆಯ ಸೂಕ್ಷ್ಮದರ್ಶಕಗಳನ್ನು ಸಾಹೇಬರು ಉಗ್ರಾಣಕ್ಕೆ ಹಾಕಿ ಬೀಗ ಹಾಕಿಸಿದರು. ಅವು ಕಣ್ಣೆದುರಿಗಿದ್ದರೆ ಹೊಸದರ ಮೇಲೆ ಹೆಂಗಸರಿಗೆ ನಂಬಿಕೆ ಬರುವುದಿಲ್ಲವಂತೆ. ನೇರಳೆ ದೀಪಕ್ಕೆ ಆಯುಸ್ಸು ಕಡಿಮೆ ಎಂದು ಯಾರಿಗೂ ಯಂತ್ರದೊಳಗೆ ಇಣುಕಲು ಬಿಡಲಿಲ್ಲ. ತಾವು ಪರದೆಯೊಳಗೆ ಹೋಗಿ ಕ್ಲಿಕ್ ಮಾಡಿ ಬರುತ್ತಿದ್ದರು. ರೀಲು ಚಿಂತಾಮಣಿಯ ಸ್ಟುಡಿಯೋಗೆ ಹೋಗುತ್ತಿತ್ತು. ಮದುವೆ ಫೋಟೋ ತೊಳೆಯುವ ಸ್ಟುಡಿಯೋ. ಆತ ಪಾಪ ಮದುಮಗನ ತಲೆ ಮೇಲಿರಬೇಕು ಕಾಲು ಕೆಳಗಿರಬೇಕು ಎಂದು ತಿಳಿದವನು. ಕಪ್ಪಿನ ಮೇಲೆ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕೆ ಇರುವ ಫೋಟೋದಲ್ಲಿ ತಲೆ ಯಾವುದು, ಕಾಲು ಯಾವುದು? ನೆಗೆಟಿವ್ ಮಗುಚಿ ಬಿದ್ದರೆ ಎಡ ಬಲವೂ ಅದಲುಬದಲು. ಫೋಟೋಗಳು ಲಕೋಟೆಯಲ್ಲಿ ಬಂದಾಗ ಖಮರಳ ಮುಂದೆ ಇಡುತ್ತಿದ್ದರು. ನಾನು ಚಿಟ್ಟೆ ಅರೆಯುವ ಕಡೆ, ಅವಳು ಫೋಟೋ ನೋಡಿ ಹಾಳೆ ಕತ್ತರಿಸುವ ಕಡೆ. ಎಲ್ಲಿಂದ ಹಿಡಿಯಲಿ ಸಾರ್ ಎಂದು ಅವಳು ಕೇಳಿದಾಗಲೆಲ್ಲ ಸಾಹೇಬರು ಫೋಟೋದ ಹಿಂದೆ ಸ್ಟುಡಿಯೋದ ಮುದ್ರೆ ನೇರವಾಗಿ ಓದುವಂತೆ ಹಿಡಿಯಲು ಹೇಳುತ್ತಿದ್ದರು. ಮುದ್ರೆ ಒತ್ತುತ್ತಿದ್ದದ್ದು ಸ್ಟುಡಿಯೋದವನು, ಕೈಗೆ ಬಂದ ಹಾಗೆ.

ಆ ಫೋಟೋ ನೋಡಿ ಆರಿಸಿದ ಮೊಟ್ಟೆಗಳು ಸಾದಲಿಯ ಕಡೆಯ ರೈತರಿಗೆ ಹೋದವು.

ಹುಳು ಎರಡನೆಯ ಸಲ ಪೊರೆ ಬಿಡುವ ಜ್ವರಕ್ಕೆ ಬರುವ ಹೊತ್ತಿಗೆ ಸುದ್ದಿ ಬಂತು. ಒಂದೇ ಬಿದಿರು ತಟ್ಟೆಯಲ್ಲಿ ಕೆಲವು ಹುಳು ದಪ್ಪ, ಕೆಲವು ಎಳ್ಳಿನಷ್ಟು. ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆ. ಅದಾಗಿ ಸ್ವಲ್ಪ ದಿನಕ್ಕೆ ಸಾದಲಿಯವರು ಟೆಂಪೋದಲ್ಲಿ ಬಂದರು. ಬೈಯಲಿಲ್ಲ, ಕೂಗಲಿಲ್ಲ. ಬಿದಿರು ತಟ್ಟೆಗಳನ್ನು ಇಳಿಸಿ ಹುಳುಗಳನ್ನೆಲ್ಲ ಕೋಠಿಯ ಜಗಲಿಯ ಮೇಲೆ ಸುರಿದರು. ಅವರಲ್ಲಿ ಹಿರಿಯರಾದ ವೆಂಕಟರಾಯಪ್ಪ ಎಂಬವರು ನಮಗೆಲ್ಲ ಪರಿಚಿತರು, ಬಂದಾಗಲೆಲ್ಲ ನಮ್ಮ ಬೆಂಚಿನ ಹತ್ತಿರ ನಿಂತು ತೆಲುಗು ಬೆರೆತ ಕನ್ನಡದಲ್ಲಿ ತಮಾಷೆ ಮಾಡುವವರು. ಅವತ್ತು ಅವರು ಖಮರಳನ್ನು ನೋಡಿ ಒಂದೇ ಮಾತು ಹೇಳಿದರು.

"ನೀನು ನೋಡಿದ್ದು ಅಂತ ತಗೊಂಡೋದ್ವಿ ಕದಮ್ಮಾ."

ಖಮರ್ ಪೊರಕೆ ತರಲು ಒಳಗೆ ಹೋದಳು. ಪರದೆ ಸಾಹೇಬರು ಹಿಂದಿನ ಬಾಗಿಲಿಂದ ಜೀಪು ಹತ್ತಿ ಚಿಕ್ಕಬಳ್ಳಾಪುರಕ್ಕೆ ಸಭೆಗೆಂದು ಹೋಗಿದ್ದರು. ನಾವಿಬ್ಬರೂ ಹುಳು ಗುಡಿಸಿ, ಸುಟ್ಟು, ಜಗಲಿಗೆ ಫಾರ್ಮಾಲಿನ್ ಹಾಕಿ ತೊಳೆದೆವು. ಅದು ರಂಜಾನ್ ತಿಂಗಳು. ಅವಳು ನೀರು ಕೂಡ ಕುಡಿದಿರಲಿಲ್ಲ. ಅಂದಿನಿಂದ ಅವಳು ಬೆಂಚಿಗೆ ಬಂದು ಕೂತರೂ ತಮಾಷೆ ಮಾಡುವುದು ನಿಂತಿತು. ದಿನಗೂಲಿಯವರನ್ನು ಖಾಯಂ ಮಾಡುವ ಆದೇಶ ಇನ್ನೇನು ಬರುತ್ತದೆ ಎನ್ನುತ್ತಿದ್ದ ಸಮಯ ಅದು. ಸಾಹೇಬರ ಒಂದು ಸಾಲಿನ ಶಿಫಾರಸು ಬೇಕಿತ್ತು.

ತನಿಖೆಗೆ ಬೆಂಗಳೂರಿನಿಂದ ಒಬ್ಬ ಹಿರಿಯ ಅಧಿಕಾರಿ ಬಂದರು. ನಮ್ಮನ್ನೆಲ್ಲ ಸಾಹೇಬರ ಕೋಣೆಯಲ್ಲಿ ನಿಲ್ಲಿಸಿದರು. ಪರದೆ ಸಾಹೇಬರು ಮೊದಲು ಮಾತಾಡಿದರು. ಯಂತ್ರದಲ್ಲಿ ತಪ್ಪಿಲ್ಲ, ಫೋಟೋದಲ್ಲಿ ತಪ್ಪಿಲ್ಲ, ಫೋಟೋ ನೋಡಿದವಳು ತಿರುಗುಮುರುಗು ಹಿಡಿದಿದ್ದಾಳೆ ಎಂದರು. ಅಷ್ಟಕ್ಕೆ ಬಿಡಲಿಲ್ಲ. ಉಪವಾಸದಲ್ಲಿ ಇವರಿಗೆ ಕಣ್ಣು ಮಂಜಾಗುತ್ತದೆ, ತಾನು ಮಾನವೀಯತೆಯಿಂದ ಸುಮ್ಮನಿದ್ದೆ ಎಂದರು. ಆ ಫೋಟೋಗಳನ್ನು ನೋಡಿ ಹಾಳೆ ಕತ್ತರಿಸಿದ್ದು ರಂಜಾನ್ ಶುರುವಾಗುವ ಮುಂಚೆ. ನಾನು ಅದನ್ನು ಹೇಳಿದೆ, ಬೀರುವಿನಲ್ಲಿರುವ ಸೀಸೆಯ ವಿಷಯವನ್ನೂ ಹೇಳಿದೆ. ಕೇಳಿದಾಗ ಮಾತಾಡಿ ಎಂದರು ಹಿರಿಯ ಅಧಿಕಾರಿ. ಆಮೇಲೆ ನನ್ನನ್ನು ಏನೂ ಕೇಳಲಿಲ್ಲ.

ಅವರು ಲಕೋಟೆಯಿಂದ ಒಂದು ಫೋಟೋ ತೆಗೆದು ಪರದೆ ಸಾಹೇಬರ ಕೈಗೆ ಕೊಟ್ಟು, ಇದರಲ್ಲಿ ಮೇಲ್ಭಾಗ ಯಾವುದು ಎಂದು ಕೇಳಿದರು. ಸಾಹೇಬರು ಒಂದು ಕ್ಷಣವೂ ಯೋಚಿಸಲಿಲ್ಲ.

"ಇದೇ ಸಾರ್. ನೋಡಿದ್ರೇ ಗೊತ್ತಾಗುತ್ತೆ."

ಅದೇ ಫೋಟೋವನ್ನು ಖಮರಳಿಗೆ ಕೊಟ್ಟರು. ಅವಳು ಕಿಟಕಿಯ ಬಳಿ ಹೋಗಿ ನೋಡಿದಳು. ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು.

"ಹೇಳಮ್ಮ, ಮೇಲೆ ಯಾವುದು?"

"ಗೊತ್ತಾಗಲ್ಲ ಸಾರ್. ಇದಕ್ಕೆ ಮೇಲೂ ಇಲ್ಲ, ಕೆಳಗೂ ಇಲ್ಲ. ಎಲ್ಲಿಂದ ಹಿಡಿದ್ರೂ ಸರಿಯಾಗೇ ಇದ್ದಂಗಿರ್ತದೆ."

"ನಿಮ್ಮ ಸಾಹೇಬ್ರಿಗೆ ಗೊತ್ತಾಯ್ತಲ್ಲ?"

"ಅವರು ಹೇಳಿದ್ರು ಸಾರ್. ಹಂಗೆ ಹೇಳೋಕೆ ನಂಗೂ ಬರುತ್ತೆ. ಆದ್ರೆ ಕಾಣದ್ದನ್ನ ಕಂಡೆ ಅಂತ ಹೇಳ್ಬಾರ್ದು ಅಂತಲೇ ಅಲ್ವಾ ಸಾರ್ ನಮ್ಮನ್ನ ಇಲ್ಲಿ ಕೂರ್ಸಿರೋದು?"

ಆ ಹಿರಿಯ ಅಧಿಕಾರಿ ಮೂರ್ಖರಲ್ಲ. ಅವರ ಮುಖ 'ಅರ್ಥವಾಯಿತು' ಎನ್ನುತ್ತಿತ್ತು. ಫೋಟೋವನ್ನು ವಾಪಸ್ಸು ತೆಗೆದುಕೊಂಡು ತಾವೂ ಒಮ್ಮೆ ತಿರುಗಿಸಿ ನೋಡಿದರು. ಪರದೆ ಸಾಹೇಬರನ್ನು ನೋಡಿದರು. ನಾನು ಆಗ ಎಲ್ಲ ಸರಿಹೋಯಿತು ಅಂದುಕೊಂಡೆ. ಆಮೇಲೆ ಅವರು ಗುಮಾಸ್ತರಿಗೆ ಬರೆಸಿದರು. ಬರೆಸಿದ್ದನ್ನು ನಮ್ಮ ಮುಂದೆ ಓದಿಸಿ ಖಮರಳ ಕೈಯಲ್ಲಿ ಸಹಿ ಹಾಕಿಸಿದರು. ಸಹಾಯಕ ನಿರ್ದೇಶಕರು ಛಾಯಾಚಿತ್ರದ ಮೇಲ್ಭಾಗವನ್ನು ಕೂಡಲೇ ಗುರುತಿಸಿದರು. ದಿನಗೂಲಿ ನೌಕರಳಾದ ಖಮರುನ್ನಿಸಾ ಎಂಬವಳು ಗುರುತಿಸಲು ಅಸಮರ್ಥಳಾದಳು.

ಅದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಇಂಥ ಕೆಲಸಕ್ಕೆ ಎಷ್ಟು ಓದಿರಬೇಕು ನೋಡಿ.

ಒಬ್ಬ ಅಧಿಕಾರಿ ಇನ್ನೊಬ್ಬ ಅಧಿಕಾರಿಯ ತಪ್ಪು ಬರೆದರೆ ನಾಳೆ ತನ್ನ ತಪ್ಪು ಬರೆಯಲು ಮತ್ತೊಬ್ಬ ಬರುತ್ತಾನೆ. ಅದಕ್ಕೆ ಬರೆಯುವುದಿಲ್ಲ. ಬರೆಯದಿದ್ದರೂ ರೈತರಿಗೆ ಏನಾದರೂ ಹೇಳಬೇಕು. ಆಗ ದಿನಗೂಲಿಯವಳು ಬೇಕಾಗುತ್ತಾಳೆ. ಕೋಣೆಯಿಂದ ಹೊರಗೆ ಬರುವಾಗ ಒಳಗೆ ಇಬ್ಬರೂ ಕಾಫಿಗೆ ಹೇಳುತ್ತಿದ್ದುದು ಕೇಳಿಸಿತು.

ಖಾಯಂ ಆದೇಶ ಮಳೆಗಾಲ ಶುರುವಾಗುವಾಗ ಬಂತು. ನನಗೆ ಬಂತು. ಖಮರಳಿಗೆ ಸೋಮವಾರದಿಂದ ಬರುವುದು ಬೇಡ ಎಂದು ಬಾಯಲ್ಲಿ ಹೇಳಿದರು. ದಿನಗೂಲಿಯವರನ್ನು ತೆಗೆಯುವುದಕ್ಕೆ ಕಾಗದವೂ ಬೇಕಿಲ್ಲ. ನಾನೂ ಬಿಟ್ಟುಬರುತ್ತೇನೆಂದು ಅವಳ ಮನೆಗೆ ಹೋಗಿ ಅತ್ತುಬಿಟ್ಟೆ. ಅವಳು ಗಂಡನ ರೀಲಿಂಗ್ ಒಲೆಯ ಪಕ್ಕ ಕೂತಿದ್ದಳು. ಬೇಯುತ್ತಿದ್ದ ಗೂಡಿನ ವಾಸನೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ, ರೇಗಿದಳು.

"ನೀನೂ ಬಿಟ್ಬಂದು ಏನ್ಮಾಡ್ತೀಯೇ? ನನ್ನ ಗಂಡನ ಒಲೆ ಮುಂದೆ ಇಬ್ರೂ ಕೂತು ಗೂಡು ಬೇಯಿಸೋಣ್ವಾ? ಅವರಿಗೆ ಅಷ್ಟೇ ಬೇಕಾಗಿರೋದು. ಹೋಗಿ ಕೂತ್ಕೋ. ಅಲ್ಲಿ ಒಬ್ಬರಾದ್ರೂ ಕಣ್ಣು ಬಿಟ್ಕೊಂಡಿರ್ಬೇಕು."

ನಾನು ಹೋಗಿ ಕೂತೆ. ಕೂತವಳು ನಿವೃತ್ತಿಯಾಗಿಯೇ ಎದ್ದೆ.

ಅವಳು ಹೋದ ಮೇಲೆ ಉದ್ಘಾಟನೆಯೂ ಆಯಿತು. ಗಣ್ಯರು ಬಂದರು. ಸೀಸೆಯ ಸೀಲನ್ನು ಆ ದಿನ ಒಡೆದರು. ಒಂದು ಮೂಲೆಯ ಗುಳಿಗೆ ಒಂದು ಹನಿ ಹಾಕಬೇಕಾದ ಮಣಿಗಳನ್ನು ಪರದೆ ಸಾಹೇಬರು ತಟ್ಟೆಯ ಎಲ್ಲ ಗುಳಿಗಳಿಗೂ ಹಾಕಿದರು, ಚೆನ್ನಾಗಿ ಕಾಣಲೆಂದು. ಗಣ್ಯರು ಇಣುಕಿ ನೋಡಿ, ದೀಪಾವಳಿ ಇದ್ದಂಗಿದೆ ಎಂದರು. ಸೀಸೆ ಅಲ್ಲಿಗೆ ಖಾಲಿ. ಅದಾದ ಸ್ವಲ್ಪ ಕಾಲಕ್ಕೆ ನೇರಳೆ ದೀಪ ಸುಟ್ಟುಹೋಯಿತು. ಇನ್ನೊಂದು ದೀಪ ನನ್ನ ಸೇವಾವಧಿಯಲ್ಲಿ ಬರಲಿಲ್ಲ. ಯಂತ್ರಕ್ಕೆ ಹೊದಿಕೆ ಹಾಕಿದರು. ಕಪ್ಪು ಪರದೆಯನ್ನು ಯಾರೋ ಮನೆಗೆ ಒಯ್ದರು. ಉಗ್ರಾಣದ ಬೀಗ ತೆಗೆದು ಹಳೆಯ ಸೂಕ್ಷ್ಮದರ್ಶಕಗಳನ್ನು ತಂದಿಟ್ಟಾಗ ಅವುಗಳ ಮೇಲೆ ಧೂಳು ಒಂದು ಬೆರಳು ಕೂತಿತ್ತು. ಪರದೆ ಸಾಹೇಬರು ಆ ಹೊತ್ತಿಗೆ ಮೇಲಿನ ಹುದ್ದೆಗೆ ಹೋಗಿದ್ದರು. ಅವರು ಸಭೆಗಳಲ್ಲಿ ಹೊಳೆಯುವ ಗುರುತಿನ ಮಹತ್ವದ ಬಗ್ಗೆ ಉಪನ್ಯಾಸ ಕೊಡುತ್ತಿದ್ದರೆಂದು ಕೇಳಿದ್ದೇನೆ. ಚೆನ್ನಾಗಿಯೇ ಕೊಟ್ಟಿರುತ್ತಾರೆ. ಏನು ಮಾಡಬೇಕೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಖಮರಳನ್ನು ಚಿಂತಾಮಣಿ ರಸ್ತೆಯಲ್ಲಿದ್ದ ಒಬ್ಬ ಖಾಸಗಿ ಮೊಟ್ಟೆ ತಯಾರಕರು ಕರೆದು ಕೆಲಸ ಕೊಟ್ಟರು. ಮೊದಲು ಅವಳು ಒಲ್ಲೆ ಎಂದಳಂತೆ. ಆಮೇಲೆ ತನ್ನದೇ ಕತ್ತರಿ ತೆಗೆದುಕೊಂಡು ಹೋದಳು. ಅಲ್ಲಿಗೆ ಸಾದಲಿಯ ವೆಂಕಟರಾಯಪ್ಪನವರು ಮೊಟ್ಟೆಗೆ ಬರುತ್ತಿದ್ದರು. ಬಂದವರು, ಆಯಮ್ಮ ಚೂಸಿನ ಗುಡ್ಲೇನಾ, ಆಯಮ್ಮ ನೋಡಿದ ಮೊಟ್ಟೆಗಳೇ ತಾನೇ ಎಂದು ಕೇಳಿ, ಹೌದೆಂದರೆ ಮಾತ್ರ ಕೊಳ್ಳುತ್ತಿದ್ದರು. ಅವಳ ಕಣ್ಣು ಮಂಜು ಎಂಬುದು ಇಲಾಖೆಯೊಳಗೆ ಮಾತ್ರ ಉಳಿದುಕೊಂಡ ಸತ್ಯ. ನನ್ನ ಕೈಕೆಳಗೆ ಹೊಸಬರು ಬಂದಾಗ ನಾನು ಅವಳ ಹೆಸರು ಹೇಳಿ ಮೂಲೆ ಕತ್ತರಿಸುವುದನ್ನು ಕಲಿಸುತ್ತಿದ್ದೆ. ಯಾರದು ಮೇಡಂ ಖಮರುನ್ನಿಸಾ, ಯಾವ ಹುದ್ದೆಯಲ್ಲಿದ್ದರು ಎಂದು ಕೇಳುತ್ತಿದ್ದರು. ಇದ್ದವರೆಲ್ಲ ಹುದ್ದೆಯಲ್ಲೇ ಇದ್ದಿರಬೇಕೆಂದು ನೀವು ತಿಳಿಯುತ್ತೀರಿ. ತಿಳಿಯಬೇಡಿ.

ಗಂಡ ತೀರಿದ ಮೇಲೆ ಅವಳು ಅಲೀಪುರಕ್ಕೆ, ತನ್ನ ಅಕ್ಕನ ಮನೆಗೆ ಹೋದಳು. ತಿಂಗಳಿಗೊಮ್ಮೆಯಾದರೂ ಹೋಗಿ ಬರುತ್ತಿದ್ದೆ. ಹೋದಾಗ ಆ ವಿಷಯ ನಾವು ಮಾತಾಡುತ್ತಿರಲಿಲ್ಲ. ನಾನು ಒಮ್ಮೆ ಎತ್ತಿದ್ದಕ್ಕೆ, ಬಿಡೇ, ಚಹಾ ಆರುತ್ತೆ ಎಂದಳು.

ಅವಳ ನಲವತ್ತನೆಯ ದಿನದ ಪ್ರಾರ್ಥನೆಗೆ ಹೋದೆ. ಹೆಂಗಸರೆಲ್ಲ ಒಳಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ನನಗೂ ಜಾಗ ಕೊಟ್ಟರು. ಖಮರಳ ಮಗಳು ಫರ್ಹಾನಾ ಬಂದು ಪಕ್ಕದಲ್ಲಿ ಕೂತಳು. ಅವಳು ಹುಟ್ಟುವ ಮುಂಚಿನಿಂದ ನಾನು ಅವರ ಮನೆಯವರನ್ನು ಬಲ್ಲವಳು.

"ಆಂಟಿ, ಎಲ್ಲರೂ ಕೇಳ್ತಾರೆ, ಅಮ್ಮಿ ಅಲ್ಲಿ ಏನಾಗಿದ್ರು ಅಂತ. ಅಮ್ಮಿಗೆ ಪೋಸ್ಟು ಏನು?"

ನಾನು ಯಾವುದರಿಂದ ನಿವೃತ್ತಿಯಾದೆನೋ ಅದೇ ಕಣಮ್ಮ, ನನಗಿಂತ ಚೆನ್ನಾಗಿ ಮಾಡ್ತಿದ್ಲು ಎಂದೆ. ಫರ್ಹಾನಾ ಅದನ್ನು ಉರ್ದುವಿನಲ್ಲಿ ಎಲ್ಲರಿಗೂ ಹೇಳಿದಳು. ಗೋಡೆಗೆ ಒರಗಿ ಕೂತಿದ್ದ ಖಮರಳ ಅಕ್ಕ ಕಣ್ಣು ತೆರೆದು ನನ್ನ ಕಡೆ ತಿರುಗಿದರು.

"ತೋ ಫಿರ್ ಉಸ್ಕು ಕಾಯ್ಕು ನಿಕಾಲೆ?"

ಹಾಗಾದರೆ ಅವಳನ್ನು ಯಾಕೆ ತೆಗೆದರು? ಪ್ರಶ್ನೆ ನನಗೆ ಅರ್ಥವಾಯಿತು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಕಲಿತ ಉರ್ದು ಅಷ್ಟಕ್ಕೆ ಸಾಕಾಗುತ್ತದೆ. ಉತ್ತರ ಹೇಳುವುದಕ್ಕೆ ಸಾಲದು. ಗೌರಿಬಿದನೂರಿನ ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಎದ್ದುಬಂದೆ.

ಉತ್ತರವನ್ನು ಈಗ ಕನ್ನಡದಲ್ಲಿ ಬರೆದಿದ್ದೇನೆ. ಫರ್ಹಾನಾಗೆ ಕನ್ನಡ ಓದಲು ಬರುತ್ತದೆ. ದೊಡ್ಡಮ್ಮನಿಗೆ ಓದಿ ಹೇಳಲಿ.